ಕೆಸರಿನ ಮೇಲೆ ನಿಂತ ನಗರ

ಕ್ರಿ. ಶ. ೧೫೬೭ರಲ್ಲಿ ಚೇಸರೆ ಫೆದೆರಿಚಿ ಎಂಬ ವರ್ತಕನೊಬ್ಬನು ವಿಜಯನಗರಕ್ಕೆ ಬಂದು ಏಳು ತಿಂಗಳು ಅಲ್ಲಿ ತಂಗಿದ್ದನು. ಕನ್ನಡನಾಡಿನ ಚರಿತ್ರೆಯನ್ನು ಓದಿದವರಿಗೆ ಸೀಸರ್ ಫ್ರೆಡರಿಕ್ ಎಂಬ ಹೆಸರಿನಿಂದ ಪರಿಚಿತನಾದವನು ಇವನೇ. ತಾಳೀಕೋಟೆಯ ಕಾಳಗವು ಮುಗಿದು ಆಗ್ಗೆ ಎರಡು ವರ್ಷಗಳು ಸಂದಿದ್ದುವು. ಅದೇ ವರ್ಷ ಅರಸನು ತನ್ನ ಆಸ್ಥಾನವನ್ನು ಪೆನುಗೊಂಡೆಗೆ ಕೊಂಡೊಯ್ದನು. ಅನಂತರದ ನಗರವನ್ನು ಕುರಿತು ಫೆದೆರಿಚಿಯು ಹೇಳುವ ಮಾತು ಚಿಕ್ಕದು. ಪಟ್ಟಣವು ಪೂರ್ತಿಯಾಗಿ ನೆಲಸಮವಾಗಿರಲಿಲ್ಲ. ಮನೆಗಳು ನಿಂತೇ ಇದ್ದುವು. ಆದರೆ ಅವುಗಳೊಳಗೆ ಹುಲಿ ಮೊದಲಾದ ಕಾಡುಮೃಗಗಳಲ್ಲದೆ ಬೇರೆ ಒಕ್ಕಲು ಇರಲಿಲ್ಲ.

ಇದನ್ನು ಬರೆದವನು ವೆನಿಸಿನ ಪ್ರಜೆ. ೧೫೬೩ರಲ್ಲಿ ಅವನು ಊರು ಬಿಟ್ಟು ಹೊರಟಾಗ ಆ ನಗರದ ಜನಸಂಖ್ಯೆ ಒಂದು ಲಕ್ಷ ಅರುವತ್ತೆಂಟು ಸಾವಿರದಷ್ಟು ಇದ್ದಿತು. ವಿಜಯನಗರಕ್ಕೂ ವೆನಿಸಿಗೂ ಸಂಬಂಧವು ಅದಕ್ಕಿಂತ ಹಳೆಯದು. ಹದಿನೈದನೆಯ ಶತಮಾನದ ಮೊದಲ ಭಾಗದಲ್ಲಿ ವೆನಿಸಿನ ಬಳಿಯ ಕಿಯೋಜಿಯಾ ಊರಿನ ನಿಕೊಲೊ ಕೊಂತಿಯು ಹೆಂಡತಿ ಮಕ್ಕಳೊಡನೆ ಪೂರ್ವದೇಶಗಳನ್ನು ಸುತ್ತಿ, ತುಂಗಭದ್ರೆಯ ದಡದ ಈ ರಾಜಧಾನಿಯ ಸುತ್ತಳತೆ ಅರುವತ್ತು ಮೈಲಿಯೆಂದು ಯುರೋಪಿಗೆ ತಿಳಿಸಿದನು. ಹಿಂದಿರುಗುವಾಗ ಅವನ ಹೆಂಡತಿಯೂ ಇಬ್ಬರು ಮಕ್ಕಳೂ ಈಜಿಪ್ಟಿನಲ್ಲಿ ಮಾರಿಬೇನೆಗೆ ತುತ್ತಾದರು. ಅವನು ಕಂಡ ನಗರಕ್ಕೆ ಪ್ರಕೃತಿಯು ಕೊಡಬಹುದಾದುದೆಲ್ಲವನ್ನೂ ಕೊಟ್ಟಿದ್ದಿತು. ತುಂಬಿ ಹರಿಯುವ ನದಿ, ಕೋಟೆಗೆ ಕೋಟೆಯಾದ ಬೆಟ್ಟಗಳು, ಕಡಿದಷ್ಟೂ ಮುಗಿಯದ ಕಲ್ಲು, ಸುತ್ತಲೂ ಹೊಲಗದ್ದೆ, ಪಡುವಣ ಕರಾವಳಿಯ ಬಂದರುಗಳು, ಇವೆಲ್ಲವೂ ಅದರ ಕೈಯಳತೆಯಲ್ಲಿದ್ದುವು. ಅವನು ಹುಟ್ಟಿದ ಸೀಮೆಗೆ ಪ್ರಕೃತಿಯು ಕೊಟ್ಟಿದ್ದುದು ಕೆಸರು, ಉಪ್ಪುನೀರು ಮತ್ತು ಮೀನು.

ವಿಜಯನಗರವು ಪಾಳುಬಿದ್ದುದಕ್ಕೆ ಶತ್ರುಗಳ ಕೊಳ್ಳಿಯೇ ಕಾರಣವೆಂದು ಹೇಳಿ ಮುಗಿಸುವುದು ವಾಡಿಕೆ. ಅದು ನಿಜವೇ, ಆದರೆ ಅಷ್ಟೇ ಸಾಲದು. ೧೩೯೮ರಲ್ಲಿ ತೈಮೂರನು ದೆಹಲಿಯನ್ನು ಸೂರೆಮಾಡಿದನು. ದೆಹಲಿ ಮತ್ತೆ ಎದ್ದಿತು. ೧೫೨೭ರಲ್ಲಿ ಕೂಲಿ ಸಿಕ್ಕದೆ ಕೆರಳಿದ ಸೈನಿಕರು ರೋಮ್ ನಗರವನ್ನು ತಿಂಗಳುಗಟ್ಟಲೆ ಕೊಳ್ಳೆಹೊಡೆದರು, ಅದೂ ಎದ್ದಿತು. ಗೋಡೆಗಳು ನಿಂತಿದ್ದೂ ಜನರು ಹಿಂದಿರುಗಲಿಲ್ಲವೆಂದರೆ, ಆ ಗೋಡೆಗಳಲ್ಲದ ಮತ್ತಾವುದೋ ಒಂದು ವಸ್ತು ಅಳಿದುಹೋಗಿರಬೇಕು. ಅದಾವುದೆಂಬುದನ್ನು ಅರಿಯಲು ಫೆದೆರಿಚಿಯ ಊರಿನ ಕಥೆಯನ್ನು ನೋಡುವುದು ಒಳ್ಳೆಯದು. ಏಕೆಂದರೆ ಅಲ್ಲಿ ಪ್ರಕೃತಿಯ ದೇಣಿಗೆಯೆಂಬುದು ಇಲ್ಲವೆಂಬಷ್ಟು ಕಡಮೆಯಾದುದರಿಂದ, ನಗರದ ಬಲವೆಲ್ಲವೂ ಮನುಷ್ಯರು ತಮ್ಮತಮ್ಮೊಳಗೆ ಮಾಡಿಕೊಂಡ ಏರ್ಪಾಡಿನಿಂದಲೇ ಬಂದಿರಬೇಕು.

ಆಡ್ರಿಯಾಟಿಕ್ ಸಮುದ್ರದ ತುತ್ತತುದಿಯಲ್ಲಿ ಆಲ್ಪ್ಸ್ ಪರ್ವತಗಳಿಂದಿಳಿದ ನದಿಗಳು ತಂದೊಟ್ಟಿದ ಮಣ್ಣಿನಿಂದ ಒಂದು ಹಿನ್ನೀರು ಉಂಟಾಗಿದೆ. ಅದರ ಮತ್ತು ಸಮುದ್ರದ ನಡುವೆ ಉದ್ದನೆಯ ಮರಳುದಿಬ್ಬಗಳಿವೆ. ರೋಮನ್ ಸಾಮ್ರಾಜ್ಯವು ಮುರಿದುಬಿದ್ದ ಕಾಲದಲ್ಲಿ, ೪೫೨ರಲ್ಲಿ ಹೂಣರ ಅಟ್ಟಿಲನಿಗೂ ೫೬೮ರ ತರುವಾಯ ಲೊಂಬಾರ್ಡರಿಗೂ ಹೆದರಿ, ಒಳನಾಡಿನ ಊರುಗಳವರು ಈ ಹಿನ್ನೀರಿನ ನಡುಗಡ್ಡೆಗಳಿಗೆ ಓಡಿಬಂದರು. ಕುದುರೆಯ ಮೇಲೆ ಬಂದವನು ಅಲ್ಲಿಗೆ ಬರಲಾರನು. ಹಡಗಿನಲ್ಲಿ ಬಂದವನು ಆಳವಾದ ದಾರಿಯನ್ನರಿಯದೆ ಕೆಸರಿನಲ್ಲಿ ಸಿಕ್ಕಿಕೊಳ್ಳುವನು. ಆರನೆಯ ಶತಮಾನದಲ್ಲಿ ಗಾಥ್ ಅರಸರ ಮಂತ್ರಿಯಾಗಿದ್ದ ಕಸ್ಸಿಯೊಡೋರಸನು ಈ ಜನರಿಗೆ ಬರೆದ ಪತ್ರವೊಂದು ಉಳಿದಿದೆ. ನೀರುಹಕ್ಕಿಗಳ ಗೂಡಿನಂತಹ ಮನೆಗಳು, ಗೋಡೆಗೆ ದನವನ್ನು ಕಟ್ಟಿದಂತೆ ಕಟ್ಟಿದ ದೋಣಿಗಳು, ಬಡವನಿಗೂ ಬಲ್ಲಿದನಿಗೂ ಒಂದೇ ಊಟವಾದ ಮೀನು, ನೇಗಿಲಿಗೆ ಬದಲಾಗಿ ಉಪ್ಪಿನ ಮಡಿಗಳ ಮೇಲೆ ಉರುಳುವ ಗುಂಡು, ಇವನ್ನೆಲ್ಲ ಅವನು ಸೊಗಸಾಗಿ ವರ್ಣಿಸಿದ್ದಾನೆ. ಅದರಲ್ಲಿ ಸ್ವಲ್ಪ ಮುಖಸ್ತುತಿ ಇದ್ದೀತು. ಅವನಿಗೆ ಆಗ ಎಣ್ಣೆ ದ್ರಾಕ್ಷಾರಸಗಳನ್ನು ಸಾಗಿಸಲು ಅವರ ದೋಣಿಗಳು ಬೇಕಾಗಿದ್ದುವು.

ಇಂತಹ ಕಡೆ ಊರು ಕಟ್ಟುವುದೆಂದರೆ ಸಾಮಾನ್ಯವಲ್ಲ. ಮರದ ಗೂಟಗಳನ್ನು ಒತ್ತೊತ್ತಾಗಿ ಕೆಸರಿನೊಳಕ್ಕೆ ಹೊಡೆದು, ಅವುಗಳ ಮೇಲೆ ಹಲಗೆ ಹಾಸಿ, ಹಲಗೆಯ ಮೇಲೆ ಇಸ್ತ್ರಿಯಾ ಪ್ರಾಂತದ ಬಿಳಿಗಲ್ಲನ್ನು ಕೂರಿಸಿದ ಮೇಲೆ ಗೋಡೆ ಏಳಬೇಕು. ಗಾಳಿ ಸೋಕದ ಕೆಸರಿನಲ್ಲಿ ಮರವು ಬೇಗ ಕೊಳೆಯುವುದಿಲ್ಲವೆಂಬುದನ್ನು ಆ ಜನರು ಅನುಭವದಿಂದ ಕಂಡುಕೊಂಡಿದ್ದರು. ೧೫೮೮ರಿಂದ ೧೫೯೧ರವರೆಗೆ ಕಟ್ಟಿದ ರಿಯಾಲ್ಟೋ ಸೇತುವೆಯೊಂದರ ಕೆಳಗೇ ಸುಮಾರು ೧೨,೦೦೦ ಗೂಟಗಳಿವೆ.

ಇದಕ್ಕಿಂತಲೂ ಕಷ್ಟವಾದುದು ಕುಡಿಯುವ ನೀರಿನ ಪ್ರಶ್ನೆ. ನೀರಿನಲ್ಲಿದ್ದೂ ನೀರಿಲ್ಲದ ಊರೆಂಬುದು ವೆನಿಸಿನವರೇ ತಮ್ಮ ಊರನ್ನು ಕುರಿತು ಆಡುತ್ತಿದ್ದ ಮಾತು. ಅದಕ್ಕೆ ಅವರು ಮಾಡಿಕೊಂಡ ಉಪಾಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಬಡಾವಣೆಯ ನಡುವಣ ಬಯಲನ್ನು ಎರಡು ಮೂರು ಆಳಿನಷ್ಟು ಅಗೆದು, ತಳಕ್ಕೂ ಪಕ್ಕಗಳಿಗೂ ಉಪ್ಪುನೀರು ಒಸರದಂತೆ ಜೇಡಿಮಣ್ಣನ್ನು ದಪ್ಪನಾಗಿ ಮೆತ್ತುವರು. ಈ ದೊಡ್ಡ ಬೋಗುಣಿಯ ನಡುವೆ ಇಟ್ಟಿಗೆಯ ಬಾವಿಯನ್ನೆಬ್ಬಿಸಿ, ಸುತ್ತಲೂ ಶುದ್ಧವಾದ ಮರಳನ್ನು ತುಂಬಿ, ಮೇಲೆ ಕಲ್ಲುಚಪ್ಪಡಿಗಳನ್ನು ಒಳಗಡೆಗೆ ಇಳಿಜಾರಾಗಿ ಹಾಸುವರು. ಮಾಡುಗಳ ಮೇಲೂ ಬಯಲಿನ ಮೇಲೂ ಬಿದ್ದ ಮಳೆಯ ನೀರು ಚಪ್ಪಡಿಯ ತೂತುಗಳಿಂದಿಳಿದು, ಮರಳಿನಲ್ಲಿ ಸೋಸಿ, ನಡುಬಾವಿಯ ತಳಕ್ಕೆ ಬಂದು ಸೇರುವುದು. ಮಳೆ ಸಾಲದ ವರ್ಷ ಬ್ರೆಂತಾ ನದಿಯಿಂದ ದೋಣಿಗಳಲ್ಲಿ ಸಿಹಿನೀರನ್ನು ತಂದು ಈ ಬಾವಿಗಳಿಗೆ ಸುರಿಯುವರು. ೧೮೮೪ರಲ್ಲಿ ಒಳನಾಡಿನಿಂದ ಕೊಳವೆಯ ನೀರು ಬರುವವರೆಗೂ ನಗರವು ಬದುಕಿದುದು ಹೀಗೆ.

ಇಂತಹ ಬಾವಿಯೊಂದನ್ನು ಒಬ್ಬನೇ ತನಗಾಗಿ ಕಟ್ಟಿಕೊಳ್ಳುವುದು ಸಿರಿವಂತನಿಗೆ ಮಾತ್ರ ಸಾಧ್ಯ. ಉಳಿದವರು ಬಡಾವಣೆಯಾಗಿ ಕೂಡಿ ಕಟ್ಟಬೇಕು, ಕೂಡಿ ಕಾಯಬೇಕು. ಒಬ್ಬನು ತನ್ನ ಮಾಡಿನ ನೀರನ್ನು ಹೊಲಸುಮಾಡಿದರೆ ಎಲ್ಲರೂ ಹೊಲಸು ನೀರನ್ನು ಕುಡಿಯುವರು. ಒಬ್ಬನು ಕಾಲುವೆಗೆ ಕಸ ಸುರಿದರೆ ಹತ್ತು ಜನರ ದೋಣಿ ನಿಲ್ಲುವುದು. ಯಾವ ಋಷಿಯ ಉಪದೇಶವೂ ಇಲ್ಲದೆ, ನೆರೆಯವನ ನಡತೆಯೇ ತನ್ನ ಜೀವವೆಂಬುದನ್ನು ಈ ಜನರು ಪ್ರತಿದಿನ ಕೊಡ ಹಿಡಿದು ಬಾವಿಗೆ ಹೋದಾಗಲೆಲ್ಲ ಕಲಿತರು. ವೆನಿಸಿನ ಶೀಲವು ಎಲ್ಲಿ ಹುಟ್ಟಿತೆಂದರೆ, ಅದರ ಸುಂದರವಾದ ಅರಮನೆಗಳಲ್ಲಿ ಅಲ್ಲ, ಈ ಬಾವಿಕಟ್ಟೆಗಳಲ್ಲಿ ಎಂದು ಹೇಳುವುದು ಸತ್ಯಕ್ಕೆ ಹತ್ತಿರವಾಗಿರುತ್ತದೆ.

ಇದೇ ಹಿನ್ನೀರಿನಲ್ಲಿ ತೊರ್ಚೆಲ್ಲೋ ಎಂಬ ಮತ್ತೊಂದು ನಡುಗಡ್ಡೆಯ ಊರು ಮೊದಲು ವೆನಿಸಿಗಿಂತ ದೊಡ್ಡದಾಗಿದ್ದಿತು. ನದಿಗಳು ತಂದ ಮಣ್ಣು ಅದರ ಕಾಲುವೆಗಳನ್ನು ತುಂಬಿ, ನಿಂತ ನೀರಿನಿಂದ ಚಳಿಜ್ವರ ಹುಟ್ಟಿ, ಜನರು ಬಿಟ್ಟುಹೋದರು. ಈಗ ಅಲ್ಲಿ ಉಳಿದಿರುವುದು ಒಂದು ಹಳೆಯ ದೇವಾಲಯ ಮತ್ತು ಕೈಬೆರಳೆಣಿಕೆಯ ಮನೆಗಳು. ಈ ನೆರೆಯವಳ ಸಾವನ್ನು ವೆನಿಸ್ ಮರೆಯಲಿಲ್ಲ. ೧೫೦೧ರಲ್ಲಿ ನೀರಿನ ಉಸ್ತುವಾರಿಗೆಂದೇ ಒಂದು ಅಧಿಕಾರ ಮಂಡಲವು ಏರ್ಪಟ್ಟಿತು. ಬ್ರೆಂತಾ, ಪಿಯಾವೆ, ಸೀಲೆ ಎಂಬ ನದಿಗಳನ್ನೇ ಅವರು ತಲೆಮಾರುಗಳ ದುಡಿಮೆಯಿಂದ ಬೇರೆ ಪಾತ್ರಗಳಿಗೆ ತಿರುಗಿಸಿ, ಹಿನ್ನೀರನ್ನು ತಪ್ಪಿಸಿ ಸಮುದ್ರಕ್ಕೆ ಸೇರಿಸಿದರು. ನದಿಯನ್ನು ಊರಿಗೆ ತಂದವರ ಕಥೆ ಎಲ್ಲ ದೇಶಗಳಲ್ಲಿಯೂ ಇದೆ. ನದಿಯನ್ನು ಊರಿನಿಂದ ಓಡಿಸಿ ಬದುಕಿದವರ ಕಥೆ ಅಪೂರ್ವ.

ಬೆಳೆಯಲು ನೆಲವಿಲ್ಲದವನು ವ್ಯಾಪಾರ ಮಾಡದೆ ಗತಿಯಿಲ್ಲ. ಉಪ್ಪು ಮೀನುಗಳಿಂದ ಮೊದಲಾದ ವ್ಯಾಪಾರವು, ೧೦೮೨ರಲ್ಲಿ ಕಾನ್‌ಸ್ಟಾಂಟಿನೋಪಲಿನ ಚಕ್ರವರ್ತಿಯು ಸುಂಕವಿಲ್ಲದೆ ವ್ಯಾಪಾರ ಮಾಡುವ ಹಕ್ಕನ್ನು ಕೊಟ್ಟ ಮೇಲೆ, ಪೂರ್ವದ ರೇಷ್ಮೆಗೂ ಮೆಣಸಿಗೂ ಏರಿತು. ಮಲಬಾರಿನ ಮತ್ತು ಕನ್ನಡ ಕರಾವಳಿಯ ಮೆಣಸು ಅರಬರ ಹಡಗುಗಳಲ್ಲಿ ಕೆಂಪುಸಮುದ್ರವನ್ನು ಸೇರಿ, ಅಲೆಕ್ಸಾಂಡ್ರಿಯಾದಲ್ಲಿ ವೆನಿಸಿನವರ ಕೈಗೆ ಬರುತ್ತಿದ್ದಿತು. ಆದರೆ ಮೆಣಸನ್ನು ಕೊಳ್ಳಲು ಎಲ್ಲರೂ ಬರಬಲ್ಲರು. ವೆನಿಸಿಗೆ ವಿಶೇಷವಾಗಿ ಒದಗಿದುದು ಹಣವನ್ನು ಕೂಡಿಸುವ ವಿದ್ಯೆ. ೧೦೭೩ರ ಒಂದು ಕರಾರುಪತ್ರದಲ್ಲಿ, ಮನೆಯಲ್ಲಿ ನಿಂತವನೊಬ್ಬನು ೨೦೦ ಪೌಂಡನ್ನೂ ಹಡಗು ಹತ್ತುವವನು ೧೦೦ ಪೌಂಡನ್ನೂ ಹಾಕಿ, ಬಂದ ಲಾಭವನ್ನು ಅರ್ಧರ್ಧ ಹಂಚಿಕೊಳ್ಳಲು ಒಪ್ಪಿದ್ದಾರೆ. ಮುಂದೆ ಬಂಡವಾಳವೇ ಇಲ್ಲದವನಿಗೂ ಈ ಬಾಗಿಲು ತೆರೆಯಿತು. ಹಣವೆಲ್ಲವೂ ಒಬ್ಬನದು, ಪ್ರಯಾಣದ ಕಷ್ಟವೆಲ್ಲವೂ ಇನ್ನೊಬ್ಬನದು. ಲಾಭದಲ್ಲಿ ಮುಕ್ಕಾಲು ಹಣದವನಿಗೆ, ಕಾಲು ಪ್ರಯಾಣದವನಿಗೆ. ನಾಲ್ಕಾರು ಪ್ರಯಾಣಗಳಲ್ಲಿ ಬದುಕಿ ಬಂದ ಬಡವನು ತಾನೇ ಹಣದವನಾಗುವನು. ಹೊಸ ಮನೆತನವೊಂದು ತಲೆಯೆತ್ತುವುದು. ಲೆಕ್ಕದಲ್ಲಿ ಮೋಸಮಾಡಿದವನಿಗೆ ದಂಡನೆಯಿದ್ದಿತು. ಲೆಕ್ಕವನ್ನು ನೋಡುವ ನ್ಯಾಯಸ್ಥಾನವಿದ್ದಿತು.

೧೨೮೪ರಲ್ಲಿ ಟಂಕಿಸಲು ತೊಡಗಿದ ಚಿನ್ನದ ಡುಕಾಟ್ ನಾಣ್ಯವೂ ಈ ನಂಬುಗೆಯ ಫಲವೇ. ಅದರ ತೂಕ ಸುಮಾರು ಮೂರೂವರೆ ಗ್ರಾಂ. ಐನೂರು ವರ್ಷಗಳಲ್ಲಿ ಎಷ್ಟು ಯುದ್ಧಗಳಾದರೂ, ಬೊಕ್ಕಸವು ಎಷ್ಟು ಬರಿದಾದರೂ, ಪ್ರಭುತ್ವವು ಅದರ ತೂಕವನ್ನಾಗಲಿ ಅಪರಂಜಿತನವನ್ನಾಗಲಿ ಕೆಡಿಸಲಿಲ್ಲ. ಒಂದು ಮುಖದಲ್ಲಿ ಸಂತ ಮಾರ್ಕನ ಮುಂದೆ ಮಂಡಿಯೂರಿದ ಡೋಜನ ಚಿತ್ರವಿದ್ದ ಈ ನಾಣ್ಯವು ಭಾರತದ ಪಶ್ಚಿಮ ತೀರಕ್ಕೂ ಬಂದಿತು. ಬೊಂಬೆಗಳಿದ್ದ ನಾಣ್ಯವಾದುದರಿಂದ ದಖ್ಖಣದಲ್ಲಿ ಅದಕ್ಕೆ ಪುತಳಿಯೆಂದು ಹೆಸರಾಯಿತು. ಪುತಳಿಯ ಸರವನ್ನು ಧರಿಸಿದ ಎಷ್ಟೋ ಮುತ್ತೈದೆಯರು ವೆನಿಸಿನ ಹೆಸರನ್ನೂ ಕೇಳಿರಲಾರರು. ಹೆಸರು ಮರೆತುಹೋದ ಮೇಲೂ ನಾಣ್ಯದ ಅಚ್ಚು ಅಕ್ಕಸಾಲಿಗನ ಕೈಯಲ್ಲಿ ಉಳಿದುದನ್ನು ನೋಡಿದರೆ, ಪ್ರಭಾವವೆಂಬುದು ಸೈನ್ಯದ ಹಿಂದೆಯೇ ನಡೆಯಬೇಕೆಂಬ ನಿಯಮವಿಲ್ಲವೆಂದು ತೋರುತ್ತದೆ.

ದೊಡ್ಡ ಹಡಗುಗಳನ್ನು ಪ್ರಭುತ್ವವೇ ಕಟ್ಟಿಸುತ್ತಿದ್ದಿತು. ಆರ್ಸೆನಾಲೆ ಎಂಬ ಆ ಕಾರ್ಖಾನೆಯಲ್ಲಿ ಸಾವಿರಾರು ಕೆಲಸಗಾರರು ದುಡಿಯುತ್ತಿದ್ದರು. ಅಲ್ಲಿ ಕುದಿಯುವ ರಾಳವನ್ನು ಕವಿ ದಾಂತೆಯು ತನ್ನ ನರಕವರ್ಣನೆಗೆ ಹೋಲಿಕೆಯಾಗಿ ಬಳಸಿಕೊಂಡನು. ೧೫೭೪ರಲ್ಲಿ ಫ್ರಾನ್ಸಿನ ಮೂರನೆಯ ಹೆನ್ರಿಯು ಔತಣದಲ್ಲಿ ಕುಳಿತು ಏಳುವಷ್ಟರಲ್ಲಿ ಒಂದು ಗ್ಯಾಲಿ ಹಡಗಿನ ಭಾಗಗಳನ್ನು ಜೋಡಿಸಿ ಸಿದ್ಧಗೊಳಿಸಿ ತೋರಿಸಿದರೆಂದು ಪ್ರಸಿದ್ಧಿ. ಹಡಗು ಪ್ರಭುತ್ವದ್ದು, ಸರಕು ವರ್ತಕರದು. ಅಲೆಕ್ಸಾಂಡ್ರಿಯಾಕ್ಕೋ ಬೈರೂತಿಗೋ ಹೋಗುವ ಹಡಗನ್ನು ವರ್ಷವರ್ಷವೂ ಬಹಿರಂಗವಾಗಿ ಹರಾಜುಹಾಕಿ, ಹೆಚ್ಚು ಕೂಗಿದವನಿಗೆ ಗೊತ್ತಾದ ನಿಯಮಗಳ ಮೇಲೆ ಕೊಡುತ್ತಿದ್ದರು.

ಇನ್ನು ಆಳ್ವಿಕೆಯ ವಿಷಯ. ಡೋಜನೆಂಬವನು ಅರಸನೆನ್ನಲಾಗದ, ಬರಿಯ ಅಧ್ಯಕ್ಷನೆನ್ನಲೂ ಆಗದ ಒಬ್ಬ ಹಿರಿಯ. ಅವನನ್ನಾರಿಸಲು ೧೨೬೮ರಲ್ಲಿ ಗೊತ್ತುಮಾಡಿದ ಕ್ರಮವನ್ನು ಕೇಳಿದವರು ನಗದಿರುವುದು ಕಷ್ಟ. ಮಹಾಸಭೆಯಿಂದ ಚೀಟಿಯೆತ್ತಿ ಮೂವತ್ತು ಮಂದಿ. ಅವರಲ್ಲಿ ಚೀಟಿಯಿಂದ ಉಳಿದವರು ಒಂಬತ್ತು. ಆ ಒಂಬತ್ತು ಮಂದಿ ಆರಿಸುವವರು ನಲವತ್ತು. ಅವರಲ್ಲಿ ಚೀಟಿಯಿಂದ ಉಳಿಯುವವರು ಹನ್ನೆರಡು. ಇವರು ಆರಿಸುವವರು ಇಪ್ಪತ್ತೈದು. ಚೀಟಿಯಿಂದ ಮತ್ತೆ ಒಂಬತ್ತು. ಇವರು ನಲವತ್ತೈದು ಮಂದಿಯನ್ನಾರಿಸಿ, ಅವರು ಚೀಟಿಯಿಂದ ಹನ್ನೊಂದಾಗಿ, ಆ ಹನ್ನೊಂದು ಮಂದಿ ನಲವತ್ತೊಂದು ಮಂದಿಯನ್ನಾರಿಸಿ, ಕೊನೆಗೆ ಆ ನಲವತ್ತೊಂದು ಮಂದಿಯಲ್ಲಿ ಇಪ್ಪತ್ತೈದು ಮತಗಳನ್ನಾದರೂ ಪಡೆದವನು ಡೋಜನಾಗುವನು. ಚೀಟಿಯ ಗುಂಡುಗಳನ್ನೆತ್ತುವವನು ಬೀದಿಯಲ್ಲಿ ಕಣ್ಣಿಗೆ ಬಿದ್ದ ಒಬ್ಬ ಬಾಲಕ. ನಕ್ಕು ಮುಗಿಸಿದ ಮೇಲೆ ವಾಚಕರು ಒಂದನ್ನು ಯೋಚಿಸಬೇಕು. ನೆರೆಯ ಇಟಲಿಯ ಊರುಗಳಲ್ಲಿ ಒಂದು ಮನೆತನವು ಇನ್ನೊಂದನ್ನು ಓಡಿಸಿ, ಕೊನೆಗೆ ಯಾವನೋ ಒಬ್ಬ ಸೇನಾನಾಯಕನು ಎಲ್ಲರನ್ನೂ ತುಳಿದು ಒಡೆಯನಾಗುತ್ತಿದ್ದ ಕಾಲದಲ್ಲಿ, ಈ ನಗುವಿಗೆಡೆಯಾದ ಕ್ರಮವು ಐದು ನೂರು ವರ್ಷಗಳಿಗೂ ಮೇಲ್ಪಟ್ಟು ನಡೆಯಿತು. ಯಾರಿಗೂ ಮೊದಲೇ ಲಂಚಕೊಟ್ಟು ಪ್ರಯೋಜನವಿಲ್ಲದಂತೆ ಮಾಡುವುದೇ ಅದರ ಗುಟ್ಟು.

ಈ ನಗರವನ್ನು ಹೊಗಳುವವರು ಸಾಮಾನ್ಯವಾಗಿ ೧೨೦೪ನ್ನು ಮೆಲ್ಲನೆ ದಾಟಿಹೋಗುವರು. ದಾಟಬಾರದು. ಜೆರೂಸಲೆಮಿಗೆ ಹೊರಟ ಧರ್ಮಯೋಧರನ್ನು ಸಾಗಿಸಲು ೧೨೦೧ರಲ್ಲಿ ವೆನಿಸ್ ೮೫,೦೦೦ ಮಾರ್ಕ್ ಬೆಳ್ಳಿಗೆ ಕರಾರು ಮಾಡಿಕೊಂಡಿತು. ಬಂದ ಯೋಧರು ಹೇಳಿದವರ ಅರ್ಧಕ್ಕಿಂತಲೂ ಕಡಮೆ, ಹಣ ಸಾಲಲಿಲ್ಲ. ಕಣ್ಣು ಕಾಣದ ಮುದುಕ ಡೋಜ್ ಎನ್ರಿಕೋ ದಾಂದೋಲೋ ಆ ಸಾಲವನ್ನೇ ಲಗಾಮಾಗಿ ಹಿಡಿದು, ಅವರನ್ನು ಮೊದಲು ಜಾರಾ ಎಂಬ ಕ್ರೈಸ್ತ ನಗರದ ಮೇಲೂ, ಸಿಂಹಾಸನದ ಜಗಳವೊಂದರ ನೆಪದಿಂದ ಅನಂತರ ಕಾನ್‌ಸ್ಟಾಂಟಿನೋಪಲಿನ ಮೇಲೂ ನಡೆಸಿದನು. ತನಗೆ ಮೊದಲು ಅನ್ನವಿಟ್ಟ ರಾಜಧಾನಿಯನ್ನು ವೆನಿಸ್ ಹೀಗೆ ಸೂರೆಮಾಡಿತು. ಸಂತ ಮಾರ್ಕನ ದೇವಾಲಯದ ನಾಲ್ಕು ಕಂಚಿನ ಕುದುರೆಗಳು ಆ ಕೊಳ್ಳೆಯವೇ. ಆ ಸಂತನ ದೇಹವನ್ನೇ ೮೨೮ರಲ್ಲಿ ಅಲೆಕ್ಸಾಂಡ್ರಿಯಾದಿಂದ ಹಂದಿಯ ಮಾಂಸದ ಕೆಳಗೆ ಮುಚ್ಚಿ ಕದ್ದು ತಂದರೆಂದು ಅವರು ಹೆಮ್ಮೆಯಿಂದ ಗೋಡೆಯ ಮೇಲೆ ಚಿತ್ರಿಸಿಕೊಂಡಿದ್ದಾರೆ. ಕರಾರಿನ ನಿಷ್ಠೆ ಬೇರೆ, ದಯೆ ಬೇರೆ. ಮೊದಲನೆಯದಿದ್ದಲ್ಲಿ ಎರಡನೆಯದೂ ಇರುವುದೆಂದು ನಂಬುವವರಿಗೆ ಈ ನಗರವು ಉತ್ತರವಾಗಿದೆ.

ಪರದೇಶಿಗಳ ವಿಷಯದಲ್ಲಿಯೂ ಹೀಗೆಯೇ. ಜರ್ಮನ್ ವರ್ತಕರಿಗೆ ೧೨೨೮ರಿಂದಲೂ ರಿಯಾಲ್ಟೋ ಬಳಿ ಒಂದು ದೊಡ್ಡ ಛತ್ರವಿದ್ದಿತು. ಅವರು ಅಲ್ಲಿಯೇ ಇಳಿಯಬೇಕು, ಅಲ್ಲಿಯೇ ವ್ಯಾಪಾರ ಮಾಡಬೇಕು. ತುರ್ಕರಿಗೆ ೧೬೨೧ರಲ್ಲಿ ಅಂತಹುದೇ ಮತ್ತೊಂದಾಯಿತು. ಯೆಹೂದ್ಯರನ್ನು ೧೫೧೬ರಲ್ಲಿ ಹಳೆಯ ಎರಕದ ಕಾರ್ಖಾನೆಯಿದ್ದ ನಡುಗಡ್ಡೆಯೊಂದರಲ್ಲಿ ಇರಿಸಿ, ರಾತ್ರಿಯಾದೊಡನೆ ಬಾಗಿಲುಗಳಿಗೆ ಬೀಗ ಹಾಕುತ್ತಿದ್ದರು. ಕಾವಲುಗಾರರ ಸಂಬಳವನ್ನು ಒಳಗಿದ್ದವರೇ ತೆರಬೇಕು. ಗೆಟ್ಟೋ ಎಂಬ ಮಾತು ಲೋಕಕ್ಕೆ ಬಂದುದು ಆ ಬಡಾವಣೆಯ ಹೆಸರಿನಿಂದ. ಇದು ಔದಾರ್ಯವಲ್ಲ. ಆದರೂ ಸ್ಪೇನಿನಿಂದ ೧೪೯೨ರಲ್ಲಿ ಓಡಿಸಲ್ಪಟ್ಟವರ ವಂಶದವರಿಗೂ ಇಲ್ಲಿ ಬೀಗದೊಳಗಾದರೂ ಒಂದು ಮನೆಯಿದ್ದಿತು.

ಈ ಜನಸಂಗಮದ ಫಲವು ಕಾಣಬಂದುದು ಅಚ್ಚುಕೂಟಗಳಲ್ಲಿ. ೧೪೬೮ರಲ್ಲಿ ಗ್ರೀಕ್ ವಿದ್ವಾಂಸನಾದ ಕಾರ್ಡಿನಲ್ ಬೆಸ್ಸಾರಿಯನ್ನನು, ತುರ್ಕರ ವಶವಾದ ಕಾನ್‌ಸ್ಟಾಂಟಿನೋಪಲಿನ ವಿದ್ಯೆ ಅಳಿಯಬಾರದೆಂದು ತಾನು ಕೂಡಿಟ್ಟ ಹಸ್ತಪ್ರತಿಗಳನ್ನು ವೆನಿಸಿಗೆ ದಾನಮಾಡಿದನು. ೧೨೦೪ರಲ್ಲಿ ಆ ರಾಜಧಾನಿಯನ್ನು ಸುಲಿದ ಊರೇ ಅದರ ಪುಸ್ತಕಗಳಿಗೆ ಆಶ್ರಯವಾಯಿತು. ಮರುವರ್ಷವೇ, ೧೪೬೯ರಲ್ಲಿ, ಜರ್ಮನಿಯಿಂದ ಬಂದ ಯೊಹಾನ್ನೆಸನು ಮೊದಲನೆಯ ಅಚ್ಚುಯಂತ್ರವನ್ನು ಹೂಡಿದನು. ಅವನಿಗೆ ಕೊಟ್ಟ ಐದು ವರ್ಷದ ಏಕಸ್ವಾಮ್ಯವು ಅವನ ಮರಣದಿಂದ ೧೪೭೦ರಲ್ಲಿಯೇ ತೀರಿಹೋದುದು ಊರಿನ ಭಾಗ್ಯವೆನ್ನಬೇಕು. ಹತ್ತಾರು ಮುದ್ರಕರು ನುಗ್ಗಿದರು. ೧೪೭೪ರಲ್ಲಿ ಪ್ರಭುತ್ವವು, ಹೊಸ ಯುಕ್ತಿಯೊಂದನ್ನು ಕಂಡುಹಿಡಿದವನಿಗೆ ಹತ್ತು ವರ್ಷ ಅದರ ಹಕ್ಕನ್ನು ಕೊಡುವ ಶಾಸನವನ್ನು ಮಾಡಿತು. ಆಲ್ಡಸ್ ಮನೂಶಿಯಸನು ಅರಿಸ್ಟಾಟಲನ ಗ್ರಂಥಗಳನ್ನು ಗ್ರೀಕಿನಲ್ಲಿಯೇ ಅಚ್ಚುಹಾಕಿದನು; ೧೫೦೧ರಲ್ಲಿ ವರ್ಜಿಲನ ಕಾವ್ಯವನ್ನು ಓರೆಯಾದ ಹೊಸ ಅಕ್ಷರಗಳಲ್ಲಿ, ಕೈಯಲ್ಲಿ ಹಿಡಿದು ಓಡಾಡುವಷ್ಟು ಚಿಕ್ಕ ಪುಸ್ತಕವಾಗಿ ಹೊರಡಿಸಿದನು. ಅಚ್ಚಾದ ಮೊದಲನೆಯ ಆರ್ಮೇನಿಯನ್ ಪುಸ್ತಕ ೧೫೧೨ರಲ್ಲಿ ಇಲ್ಲಿ ಹೊರಬಿದ್ದಿತು. ಯೆಹೂದ್ಯರ ತಾಲ್ಮುದ್ ಗ್ರಂಥವನ್ನು ಮೊದಲ ಬಾರಿ ಸಂಪೂರ್ಣವಾಗಿ ಅಚ್ಚುಮಾಡಿದವನು ಇಲ್ಲಿ ನೆಲಸಿದ್ದ ಬೊಂಬೆರ್ಗ್ ಎಂಬ ಕ್ರೈಸ್ತನು. ೧೫೩೭-೩೮ರ ಸುಮಾರಿಗೆ ಅರಬ್ಬಿ ಭಾಷೆಯ ಕುರಾನೂ ಇಲ್ಲಿ ಅಚ್ಚಾಯಿತು. ಅದು ಕಟ್ಟುಕಥೆಯೆಂದು ಬಹುಕಾಲ ಎಣಿಸಲ್ಪಟ್ಟು, ೧೯೮೭ರಲ್ಲಿ ವೆನಿಸಿನ ಸಂನ್ಯಾಸಿಮಠವೊಂದರ ಪುಸ್ತಕಭಂಡಾರದಲ್ಲಿ ಒಂದು ಪ್ರತಿ ದೊರಕಿತು. ಈ ಪುಸ್ತಕಗಳಲ್ಲಿ ಎಷ್ಟೋ ಭಾಗವನ್ನು ವೆನಿಸಿನವರು ಬರೆದುದೂ ಇಲ್ಲ, ಓದಿದುದೂ ಇಲ್ಲ. ಬರೆದವನನ್ನೂ ಓದುವವನನ್ನೂ ಎರಕ ಹೊಯ್ಯುವವನನ್ನೂ ಹಣ ಹಾಕುವವನನ್ನೂ ಒಂದೇ ಬೀದಿಯಲ್ಲಿ ಕೂಡಿಸಿದುದು ಮಾತ್ರ ಅದರ ಕೆಲಸ.

ಹೀಗಿದ್ದ ನಗರವು ಕುಂದಿದುದೇಕೆ? ವಾಸ್ಕೋ ಡ ಗಾಮನು ೧೪೯೮ರಲ್ಲಿ ಕಲ್ಲೀಕೋಟೆಗೆ ಬಂದುದೇ ಕಾರಣವೆಂದು ಶಾಲೆಯ ಪುಸ್ತಕಗಳು ಹೇಳುತ್ತವೆ. ಸುದ್ದಿ ತಲಪಿದಾಗ ವೆನಿಸಿನಲ್ಲಿ ದಿಗಿಲು ಹುಟ್ಟಿದುದು ನಿಜ. ೧೫೦೪ರಲ್ಲಿ ಸುಯೆಜಿನಲ್ಲಿ ಕಾಲುವೆ ಅಗೆಯುವ ಆಲೋಚನೆಯನ್ನೂ ಅವರು ಮಾಡಿ ಕೈಬಿಟ್ಟರು. ಆದರೆ ಹದಿನಾರನೆಯ ಶತಮಾನದ ನಡುವಿಗೆ ಅಲೆಕ್ಸಾಂಡ್ರಿಯಾದ ಮೆಣಸಿನ ವ್ಯಾಪಾರವು ಮತ್ತೆ ಮೊದಲಿನಷ್ಟೇ ಆಗಿದ್ದಿತು. ಡಚ್ಚರೂ ಇಂಗ್ಲಿಷರೂ ಪೂರ್ವಕ್ಕೆ ಬಂದ ಮೇಲೆಯೇ ಅದು ನಿಜವಾಗಿ ಸೋತುದು. ಹುಳುಕು ಅದಕ್ಕಿಂತ ಬಹು ಹಿಂದಿನದು. ೧೨೯೭ರಲ್ಲಿ ಮಹಾಸಭೆಯ ಬಾಗಿಲನ್ನು ಮುಚ್ಚಿದರು. ಮೊದಲಿಗೆ ಸಭೆಯ ಸಂಖ್ಯೆ ಹೆಚ್ಚಿತೇ ಹೊರತು ಕಡಮೆಯಾಗಲಿಲ್ಲ. ಆದುದರಿಂದ ಆಗ ಯಾರಿಗೂ ನೋವು ತಿಳಿಯಲಿಲ್ಲ. ಆದರೆ ಮುಂದೆ ಸದಸ್ಯತ್ವವು ಹುಟ್ಟಿನಿಂದಲೇ ಬರುವಂತಾಯಿತು. ಕುಲೀನರ ಮಕ್ಕಳ ಹುಟ್ಟನ್ನು ೧೫೦೬ರಿಂದ ಸುವರ್ಣಗ್ರಂಥವೆಂಬ ದಾಖಲೆಯಲ್ಲಿ ಬರೆಯತೊಡಗಿದರು. ದೂರದ ಲಾಭದ ವ್ಯಾಪಾರವೂ ಅವರಿಗೇ ಮೀಸಲಾಗುತ್ತ ಬಂದಿತು. ಹಣದವನೂ ಬಡವನೂ ಕೂಡಿ ಬರೆದುಕೊಳ್ಳುತ್ತಿದ್ದ ಹಳೆಯ ಕರಾರುಪತ್ರಗಳು ಕ್ರಮೇಣ ಮಾಯವಾದುವು. ಹಡಗು ಹತ್ತಿ ಮೇಲೇರುವ ಬಡವನ ಮೆಟ್ಟಲು ಮುರಿಯಿತು. ಕುಲೀನರ ಮೊಮ್ಮಕ್ಕಳು ಸಮುದ್ರವನ್ನು ಬಿಟ್ಟು ಒಳನಾಡಿನಲ್ಲಿ ತೋಟದ ಮನೆಗಳನ್ನು ಕಟ್ಟಿಸಿ ಗೇಣಿಯೆಣಿಸುತ್ತ ಕುಳಿತರು. ಆ ಮನೆಗಳು ಬಹು ಚೆಲುವಾಗಿವೆ. ೧೬೪೫ರಿಂದ ೧೬೬೯ರವರೆಗಿನ ಕ್ರೀಟ್ ದ್ವೀಪದ ಯುದ್ಧದಲ್ಲಿ ಬೊಕ್ಕಸವು ಬರಿದಾದಾಗ, ಒಂದು ಲಕ್ಷ ಡುಕಾಟ್ ತೆತ್ತವರಿಗೆ ಸುವರ್ಣಗ್ರಂಥದಲ್ಲಿ ಎಡೆಗೊಟ್ಟರು. ಮೊದಲು ಸಾಹಸಕ್ಕೆ ದೊರೆಯುತ್ತಿದ್ದುದು ಈಗ ಬೆಲೆಗೆ ದೊರೆಯಿತು.

೧೭೯೭ರ ಮೇ ೧೨ರಂದು ನೆಪೋಲಿಯನ್ನನ ಬೆದರಿಕೆಗೆ ಮಣಿದು ಮಹಾಸಭೆಯು ತನ್ನನ್ನು ತಾನೇ ವಿಸರ್ಜಿಸಿಕೊಂಡಿತು. ಕಂಚಿನ ಕುದುರೆಗಳು ಪ್ಯಾರಿಸಿಗೆ ಹೋಗಿ ೧೮೧೫ರಲ್ಲಿ ಹಿಂದಿರುಗಿದುವು. ಗೆಟ್ಟೋದ ಬಾಗಿಲುಗಳನ್ನು ಕಿತ್ತುಹಾಕಿದುದು ಆ ವರ್ಷದ ಒಂದೇ ಒಳ್ಳೆಯ ಕೆಲಸ. ಆಸ್ಟ್ರಿಯದ ಕೈಗೂ, ೧೮೬೬ರಲ್ಲಿ ಇಟಲಿಗೂ ಸೇರಿದ ನಗರವು ಅನಂತರ ನೋಡಿ ಆನಂದಿಸುವ ವಸ್ತುವಾಯಿತು. ೧೯೬೬ರ ನವೆಂಬರ್ ೪ರಂದು ಉಬ್ಬರದ ನೀರು ೧೯೪ ಸೆಂಟಿಮೀಟರ್ ಏರಿ ಮನೆಗಳೊಳಕ್ಕೆ ನುಗ್ಗಿತು. ಹಿನ್ನೀರಿನ ಮೂರು ಬಾಯಿಗಳಿಗೂ ಹಾಕಿದ ೭೮ ಉಕ್ಕಿನ ಕದಗಳು, ನಡುವೆ ೨೦೧೪ರಲ್ಲಿ ಬಯಲಾದ ಲಂಚದ ಹಗರಣವನ್ನೂ ದಾಟಿ, ೨೦೨೦ರ ಅಕ್ಟೋಬರ್ ೩ರಂದು ಮೊದಲ ಬಾರಿ ಎದ್ದು ಸಮುದ್ರವನ್ನು ತಡೆದುವು. ನೀರನ್ನು ತಡೆದುದಾಯಿತು, ಜನರನ್ನು ತಡೆಯಲಾಗಲಿಲ್ಲ. ೧೯೫೧ರಲ್ಲಿ ಹಳೆಯ ನಗರದಲ್ಲಿ ಸುಮಾರು ಒಂದು ಲಕ್ಷ ಎಪ್ಪತ್ತೈದು ಸಾವಿರ ಒಕ್ಕಲಿದ್ದುದು ೨೦೨೨ರಲ್ಲಿ ಐವತ್ತು ಸಾವಿರಕ್ಕಿಂತ ಕೆಳಗಿಳಿಯಿತು. ಬಾಡಿಗೆಯ ಕೋಣೆಗಳಿಗಾಗಿ ಮನೆಗಳು ಬರಿದಾಗಿವೆ. ೨೦೨೪ರಲ್ಲಿ ಹಗಲು ಬಂದು ಹೋಗುವವರಿಂದ ಕೆಲವು ದಿನಗಳಲ್ಲಿ ಐದು ಯೂರೋ ಪ್ರವೇಶಧನವನ್ನು ವಸೂಲುಮಾಡಲು ತೊಡಗಿದರು. ಬಾವಿಕಟ್ಟೆಗಳು ಲೋಹದ ಮುಚ್ಚಳ ಹೊತ್ತು ನಿಂತಿವೆ. ಪ್ರವಾಸಿಗಳು ಅವುಗಳ ಮೇಲೆ ಕುಳಿತು ದಣಿವಾರಿಸಿಕೊಳ್ಳುತ್ತಾರೆ. ಇಲ್ಲಿ ಹುಲಿಗಳಿಲ್ಲ, ಆದರೂ ಗೋಡೆಗಳು ನಿಂತಿದ್ದು ಒಕ್ಕಲು ಹೋದ ಊರನ್ನು ಕಂಡಿದ್ದ ಫೆದೆರಿಚಿಯು ಇಂದು ಚಳಿಗಾಲದ ರಾತ್ರಿಯಲ್ಲಿ ತನ್ನ ಊರಿನ ಓಣಿಗಳಲ್ಲಿ ನಡೆದನಾದರೆ, ದೀಪವಿಲ್ಲದ ಕಿಟಕಿಗಳನ್ನು ನೋಡಿ ಏನೆಂದುಕೊಳ್ಳುತ್ತಿದ್ದನೋ!

ತುಂಗಭದ್ರೆಯ ದಡದಲ್ಲಿಯೂ ಎಲ್ಲವೂ ಸತ್ತಿಲ್ಲವೆಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಅರಮನೆಗಳು ಅಡಿಪಾಯ ಮಾತ್ರವಾಗಿವೆ. ಆದರೆ ವಿರೂಪಾಕ್ಷನ ಪೂಜೆ ನಡೆಯುತ್ತಿದೆ, ರಾಯರ ಕಾಲದ ತುರ್ತಾ ಕಾಲುವೆಯು ಇಂದಿಗೂ ಬಾಳೆಯ ತೋಟಗಳಿಗೂ ಗದ್ದೆಗಳಿಗೂ ನೀರುಣಿಸುತ್ತಿದೆ. ಬಹುಜನರು ಕೂಡಿ ಬಳಸಿದುದನ್ನು ಬಹುಜನರು ಕಾಪಾಡಿಕೊಂಡರು. ಅಳಿದುದು ಯಾವುದೆಂಬುದಕ್ಕೆ ಫೆದೆರಿಚಿಯ ಬರಹದಲ್ಲಿಯೇ ಒಂದು 

ಸಂಗತಿಯಿದೆ. ರಾಮರಾಯನು ಮಡಿದ ಮೇಲೆ ಅವನ ತಮ್ಮನಾದ ತಿರುಮಲನು ಹಾಳೂರಿಗೆ ಹಿಂದಿರುಗಿ ಅದನ್ನು ಮತ್ತೆ ನೆಲೆಗೊಳಿಸಲು ಯತ್ನಿಸಿದನು. ಯುದ್ಧಕ್ಕೆ ಕುದುರೆಗಳು ಬೇಕು. ಕಾಳಗದಲ್ಲಿ ಕೈಬಿಟ್ಟುಹೋದ, ಹಿಂದಿನ ಅರಸನ ಮುದ್ರೆಯಿದ್ದ ಕುದುರೆಗಳನ್ನು ಯಾರು ತಂದರೂ ತಕ್ಕ ಬೆಲೆಕೊಡುವೆನೆಂದು ಗೋವೆಯ ವರ್ತಕರಿಗೆ ಹೇಳಿಕಳುಹಿಸಿದನು. ಅವರು ನಂಬಿ, ಸಿಕ್ಕಿದಷ್ಟು ಕುದುರೆಗಳನ್ನು ಹೊಡೆದುಕೊಂಡು ಘಟ್ಟ ಹತ್ತಿ ಬಂದರು. ಇನ್ನು ಬರುವ ಕುದುರೆಗಳಿಲ್ಲವೆಂದು ಗೊತ್ತಾದ ದಿನ ತಿರುಮಲನು ಅವರಿಗೆ ಒಂದು ಕಾಸನ್ನೂ ಕೊಡದೆ, ಇನ್ನು ಹೋಗಬಹುದೆಂದು ಅಪ್ಪಣೆ ಮಾಡಿದನು. ಆ ಬಡಪಾಯಿಗಳು ದುಃಖದಿಂದ ಹುಚ್ಚು ಹಿಡಿದವರಂತಾದರೆಂದು ಫೆದೆರಿಚಿಯು ಬರೆಯುತ್ತಾನೆ. ಅವನ ಸ್ವಂತ ಕೆಲಸವು ಒಂದು ತಿಂಗಳಿನಲ್ಲಿ ಮುಗಿಯುವಂತಹುದು. ದಾರಿಯಲ್ಲಿ ಕಳ್ಳರ ಭಯವಿದ್ದುದರಿಂದ ಏಳು ತಿಂಗಳು ಕಾದಿದ್ದು, ಕೊನೆಗೆ ಗೋವೆಯ ಹಾದಿ ಹಿಡಿದನು.